ಒಂದರ ಮೇಲೊಂದು ಪರ್ಫ್ಯೂಮ್ ಹಾಕಿ ನಿಮ್ಮದೇ ಒಂದು ಘಮ ಕಂಡ್ಕೊಳ್ಳೋದು ಹೇಗೆ

ಹಬ್ಬದ ದಿನ ಅಜ್ಜಿ ನಮಗೆ ಎಣ್ಣೆ ಸ್ನಾನ ಮಾಡಿಸಿ, ಒದ್ದೆ ಕೂದಲಿಗೆ ಸಾಂಬ್ರಾಣಿ ಹೊಗೆ ಹಿಡಿದು, ಲಾವಂಚದ ಬೇರು ಇಟ್ಟಿರ್ತಿದ್ದ ಬೀರುವಿಂದ ರೇಷ್ಮೆ ಲಂಗ ತೆಗೆದು ಉಡಿಸಿ, ಕೊನೆಗೆ ಒಂದು ಮೊಳ ಮಲ್ಲಿಗೆ ಮುಡಿಸ್ತಿದ್ರು. ಹೊಗೆ, ಬೇರು, ಹೂವು ಮೂರೂ ಸೇರಿ ಏನೋ ಒಂದು ಘಮ ಆಗ್ತಿತ್ತಲ್ಲ, ಅದು ಆ ಮೂರರಲ್ಲಿ ಯಾವುದೊಂದರದ್ದೂ ಅಲ್ಲ, ನಮ್ಮಜ್ಜಿ ಮನೆ ಹಬ್ಬದ್ದು. ಈಗ ಎಲ್ರೂ ಪರ್ಫ್ಯೂಮ್ ಲೇಯರಿಂಗ್ ಅಂತಾರಲ್ಲ, ಅದು ಇದೇನೇ. ಹಾಗಾಗಿ ದುಬಾರಿ ಬಾಟಲಿ ನಾಲ್ಕು ತಗೊಂಡ್ರೆ ಮಾತ್ರ ಆಗತ್ತೆ ಅಂತ ಅಂದ್ಕೊಬೇಡಿ, ನಮಗೆ ಚಿಕ್ಕಂದಿನಿಂದ ಗೊತ್ತಿರೋ ವಾಸನೆಗಳಿಂದಲೇ ಶುರು ಮಾಡಿದ್ರೆ ತುಂಬಾ ಸುಲಭ.

ಮೊದಲು ಬೇಕಾಗಿರೋದು ತಳ, ಅಂದ್ರೆ ದಿನವಿಡೀ ನಿಧಾನಕ್ಕೆ ಮೈಮೇಲೆ ಉಳ್ಯೋ ಘಮ. ನನ್ನ ಕೇಳಿದ್ರೆ ಕಣ್ಮುಚ್ಚಿ ಶ್ರೀಗಂಧ ಅಂತೀನಿ. ನಮ್ಮೂರಿನದು ಅನ್ನೋ ಅಭಿಮಾನ ಖಂಡಿತ ಇದೆ, ಮೈಸೂರಲ್ಲಿ 1916ರಿಂದಲೇ ಗಂಧದೆಣ್ಣೆ ತೆಗೀತಿದ್ದಾರೆ, ಆದ್ರೆ ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ಗಂಧದೆಣ್ಣೆ ತುಂಬಾ ನಿಧಾನವಾಗಿ ಆವಿ ಆಗತ್ತೆ, ಜೊತೆಗಿರೋ ಹೂವಿನ ಘಮನೂ ಬೇಗ ಹಾರಿ ಹೋಗದ ಹಾಗೆ ಹಿಡ್ಕೊಳತ್ತೆ. ಉತ್ತರ ಪ್ರದೇಶದ ಕನೌಜ್‌ನಲ್ಲಿ ಹಿಂದಿನಿಂದ ಅತ್ತರು ಮಾಡ್ತಿದ್ದಿದ್ದೂ ಹೀಗೇ, ತಾಮ್ರದ ಹಂಡೆಲಿ ಹೂವು ನೀರು ಹಾಕಿ ಕುದಿಸಿ, ಆ ಆವಿನ ಗಂಧದೆಣ್ಣೆ ಇರೋ ಪಾತ್ರೆಗೆ ಇಳಿಸೋದು. ಅಪ್ಪಟ ಗಂಧದೆಣ್ಣೆ ಈಗ ವಿಪರೀತ ದುಬಾರಿ ನಿಜ, ಆದ್ರೆ ಮೈಸೂರು ಸ್ಯಾಂಡಲ್ ಸೋಪಲ್ಲಿ ಸ್ನಾನ ಮಾಡಿ ಬಂದ್ರೂ ಒಂದು ತೆಳು ತಳ ಸಿಕ್ಕೇ ಸಿಗತ್ತೆ. ಗಂಧ ಇಷ್ಟ ಇಲ್ದಿದ್ರೆ ಲಾವಂಚ ನೋಡಿ, ಅತ್ತರಿನ ಅಂಗಡೀಲಿ ಖಸ್ ಅಂತ ಕೇಳಿ, ಒಣಗಿದ ಮಣ್ಣು, ಬೇರು, ಸ್ವಲ್ಪ ಹಸಿರು ಹುಲ್ಲು ಎಲ್ಲ ಸೇರಿದ ಹಾಗಿರತ್ತೆ, ಬೇಸಿಗೆಗೆ ಅದಕ್ಕಿಂತ ಒಳ್ಳೇದು ನಾನಂತೂ ಕಂಡಿಲ್ಲ. ಗಲ್ಫಲ್ಲಿರೋ ನೆಂಟರು ತಂದ್ಕೊಟ್ಟ ಊದ್, ಅಂದ್ರೆ ಅಗರು ಮರದ ಎಣ್ಣೆ, ಮನೇಲಿದ್ರೆ ಅದೂ ಗಟ್ಟಿ ತಳವೇ, ಆದ್ರೆ ಅರ್ಧ ಹನಿ ಸಾಕು, ಜಾಸ್ತಿ ಆದ್ರೆ ಮೇಲೆ ಏನ್ ಹಾಕಿದ್ರೂ ಗೊತ್ತಾಗಲ್ಲ.

ತಳ ಆರಿಸ್ಕೊಂಡ ಮೇಲೆ ಒಂದು ವಾರ ಅದೊಂದನ್ನೇ ಹಾಕ್ಕೊಳ್ಳಿ. ಈ ಕೆಲ್ಸನ ಬಹಳ ಜನ ಬಿಟ್ಬಿಡ್ತಾರೆ, ನಾನೂ ಮೊದಲು ಬಿಟ್ಟಿದ್ದೆ. ಯಾವುದೇ ಪರ್ಫ್ಯೂಮ್ ಹಾಕಿದ ತಕ್ಷಣ ಬರೋ ವಾಸನೆ, ನಿಂಬೆ ಕಿತ್ತಳೆ ಥರದ್ದು, ಹದಿನೈದಿಪ್ಪತ್ತು ನಿಮಿಷದಲ್ಲಿ ಹೋಗತ್ತೆ, ಆಮೇಲೆ ಹೂವು ಮಸಾಲೆ ಎಲ್ಲ ಒಂದೆರಡು ಮೂರು ಗಂಟೆ ಇರತ್ತೆ, ಕೊನೆಗುಳ್ಯೋದೇ ಮರ, ಸಾಂಬ್ರಾಣಿ ಥರದ ಮರದಂಟು, ಕಸ್ತೂರಿ ಥರದ ವಾಸನೆ. ನಾವು ಅಂಗಡೀಲಿ ದುಡ್ಡು ಕೊಡೋದು ಮೊದಲ ಐದು ನಿಮಿಷ ನೋಡಿ, ಜೊತೆಗೆ ಬದುಕೋದು ಮಾತ್ರ ಕೊನೆಯ ಐದು ಗಂಟೆ. ಬೆಳಿಗ್ಗೆ ಹಾಕಿದ್ದು ಸಂಜೆ ಬಟ್ಟೆ ಬದಲಾಯಿಸುವಾಗ ಹೇಗಿದೆ ಅಂತ ಮೂಸಿ ನೋಡಿ, ಆಗ್ಲೂ ಖುಷಿ ಅನಿಸಿದ್ರೆ ಅದು ನಿಮ್ಮ ತಳ.

ಈಗ ಹೂವು. ಮಲ್ಲಿಗೆ ಬಗ್ಗೆ ಒಂದು ಮಾತು ಹೇಳ್ಲೇಬೇಕು, ಮಲ್ಲಿಗೇಲಿ ಇಂಡೋಲ್ ಅನ್ನೋ ಅಂಶ ಇರತ್ತೆ, ಅದು ಚೂರೇ ಚೂರು ಇದ್ರೆ ಮತ್ತು ಬರಿಸೋ ಹಾಗಿರತ್ತೆ, ಜಾಸ್ತಿ ಆದ್ರೆ ನುಸಿಗುಳಿಗೆ ಥರ ಮೂಗಿಗೆ ಹೊಡಿಯತ್ತೆ, ಮುಚ್ಚಿದ ರೂಮಲ್ಲಿ ರಾತ್ರಿಯಿಡೀ ಮಲ್ಲಿಗೆ ಇಟ್ಟೋರಿಗೆ ಗೊತ್ತಿರತ್ತೆ. ಆದ್ರಿಂದ ಗಂಧ ಎರಡು ಪಾಲು, ಮಲ್ಲಿಗೆ ಒಂದು ಪಾಲು ಇರಲಿ. ಸಂಪಿಗೆ, ಕೇದಗೆ ಇನ್ನೂ ಜೋರು, ಕಡ್ಡಿ ತುದೀಲಿ ಮುಟ್ಟಿಸಿದ್ರೆ ಸಾಕು. ಗುಲಾಬಿ ಗಂಧ ಯಾವತ್ತೂ ಮೋಸ ಮಾಡದ ಜೋಡಿ, ಹೊಸಬರು ಅಲ್ಲಿಂದಲೇ ಶುರು ಮಾಡಿ.

ನನಗೆ ತುಂಬಾ ಇಷ್ಟದ್ದು ದವನ. ಹೂವಿನ ಮಾಲೆ ಮಧ್ಯೆ ಕಟ್ತಾರಲ್ಲ, ಬೂದು ಹಸಿರು ಎಲೆಯದ್ದು, ಅದೇ. ಅದರೆಣ್ಣೆ ಹಾಕಿದ್ರೆ ಕಳಿತ ಹಣ್ಣಿನ ಸಿಹಿ ಬರತ್ತೆ, ಜೊತೆಗೆ ಔಷಧಿ ಸೊಪ್ಪಿನ ಹಸಿರೂ ಇರತ್ತೆ. ಇದು ಒಬ್ಬೊಬ್ಬರ ಚರ್ಮದ ಮೇಲೆ ಒಂದೊಂದು ಥರ ಬರತ್ತೆ ಅಂತ ಪರ್ಫ್ಯೂಮ್ ಮಾಡೋರೇ ಹೇಳ್ತಾರೆ. ನಾನು ನನ್ನ ತಂಗಿ ಒಂದೇ ಬುಡ್ಡಿಯಿಂದ ಹಚ್ಕೊಂಡು ನೋಡಿದ್ವಿ, ಅವಳ ಕೈಮೇಲೆ ಒಣದ್ರಾಕ್ಷಿ ಥರ, ನನ್ನ ಕೈಮೇಲೆ ಕಹಿ ಸೊಪ್ಪು ಮತ್ತು ಜೇನು. ನಿಮ್ಮದೇ ಅನ್ನೋ ಘಮ ಬೇಕು ಅಂದ್ರೆ ಇಂಥದ್ದೊಂದು ಪದರ ಇರಲಿ ಅಂತೀನಿ.

ಜೋಡಿ ಹೊಂದತ್ತಾ ಇಲ್ವಾ ಅಂತ ನೋಡೋಕೆ ಮೈಮೇಲೆ ಹಾಕೋ ಮುಂಚೆ ಕಾಗದದಲ್ಲಿ ನೋಡಿ. ದಪ್ಪ ಬಿಳಿ ಪೇಪರ್ ಉದ್ದುದ್ದ ಕತ್ತರಿಸಿ, ಒಂದೊಂದಕ್ಕೆ ಒಂದೊಂದು ಹಾಕಿ, ಹೆಸರು ಬರೆದು, ಎರಡು ಚೂರನ್ನ ಬೀಸಣಿಗೆ ಥರ ಒಟ್ಟಿಗೆ ಹಿಡಿದು ಮೂಗಿನ ಮುಂದೆ ಅಲ್ಲಾಡಿಸಿ. ಹಿಡಿಸಿದ್ರೆ ಮಾತ್ರ ಮೊಣಕೈ ಒಳಗಡೆ ಹಚ್ಚಿ ಸಂಜೆ ತನಕ ಬಿಡಿ, ತುರಿಕೆ ಉರಿ ಬಂದ್ರೂ ಅಲ್ಲೇ ಗೊತ್ತಾಗತ್ತೆ. ಒಂದು ದಿನಕ್ಕೆ ಎರಡು ಜೋಡಿಗಿಂತ ಜಾಸ್ತಿ ಬೇಡ, ಮೂಗು ಸೋತು ಹೋಗತ್ತೆ. ಅಂಗಡೀಲಿ ಕಾಫಿ ಬೀಜ ಕೊಡ್ತಾರೆ ಮೂಸೋಕೆ, ನನಗೆ ಅದರಿಂದ ಏನೂ ಪ್ರಯೋಜನ ಕಾಣಿಸಿಲ್ಲ, ಹೊರಗೆ ಬಂದು ಎರಡು ನಿಮಿಷ ಗಾಳಿ ತಗೊಂಡು ಬಂದ್ರೆ ಸಾಕಾಗತ್ತೆ.

ಹಾಕೋ ಕ್ರಮ ಹೀಗೆ. ಸ್ನಾನ ಆಗಿ ಮೈ ಒರೆಸ್ಕೊಂಡ ತಕ್ಷಣ ವಾಸನೆ ಇಲ್ಲದ ಲೋಷನ್ ಹಚ್ಚಿ, ಒಣ ಚರ್ಮದ ಮೇಲೆ ಯಾವ ಘಮನೂ ನಿಲ್ಲಲ್ಲ. ಕೊಬ್ಬರಿ ಎಣ್ಣೆ ಹಚ್ಚೋರು ಅದರದ್ದೂ ಒಂದು ಪದರ ಅಂತ ಲೆಕ್ಕ ಇಟ್ಕೊಳ್ಳಿ. ಆಮೇಲೆ ಭಾರದ್ದು, ಅಂದ್ರೆ ಎಣ್ಣೆ ರೂಪದ ಅತ್ತರು, ಮಣಿಕಟ್ಟಿಗೆ, ಕಿವಿ ಹಿಂದೆ ಒಂದೊಂದು ಗೆರೆ. ಎರಡು ನಿಮಿಷ ಬಿಟ್ಟು ಮೇಲೆ ಹಗುರದ ಸ್ಪ್ರೇ ಒಂದೋ ಎರಡೋ ಸಲ. ಸ್ಪ್ರೇ ಬಾಟಲಿ ಮೇಲೆ ಇಡಿಪಿ (EDP, ಓ ದ ಪರ್ಫಂ) ಅಂತ ಬರೆದಿರೋದ್ರಲ್ಲಿ ಸುಗಂಧದ ಪಾಲು ಸಾಮಾನ್ಯವಾಗಿ 15ರಿಂದ 20 ಪರ್ಸೆಂಟ್ ಇರತ್ತೆ, ಇಡಿಟಿಯಲ್ಲಿ (EDT, ಓ ದ ತ್ವಾಲೆಟ್) ಅದಕ್ಕಿಂತ ಕಮ್ಮಿ, ಹಾಗಾಗಿ ಅತ್ತರಿನ ಮೇಲೆ ಇಡಿಟಿ ಹಾಕೋದೇ ಚೆಂದ. ಮಣಿಕಟ್ಟು ಒಂದಕ್ಕೊಂದು ತಿಕ್ಕಬೇಡಿ, ತಿಕ್ಕಿದ ಬಿಸಿಗೆ ಮೇಲಿನ ಹಗುರ ವಾಸನೆ ಬೇಗ ಹೋಗ್ಬಿಡತ್ತೆ. ಎರಡನ್ನೂ ಒಂದೇ ಜಾಗಕ್ಕೆ ಹಾಕಲೇಬೇಕು ಅಂತೇನಿಲ್ಲ, ಗಂಧ ಕತ್ತಿಗೆ, ಗುಲಾಬಿ ಕೈಗೆ ಹಾಕಿದ್ರೆ ನಡೆದಾಡುವಾಗ ಗಾಳೀಲಿ ಬೆರೆಯತ್ತೆ, ಅದು ಇನ್ನೂ ಮೃದು.

ಎರಡು ಎಚ್ಚರಿಕೆ ಇದೆ. ನಿಂಬೆ, ಬರ್ಗಮಾಟ್ (ನಿಂಬೆ ಕಿತ್ತಳೆ ಜಾತಿಯ ಒಂದು ಹಣ್ಣು) ಥರದ ಅಪ್ಪಟ ಎಣ್ಣೆಗಳನ್ನ ಚರ್ಮಕ್ಕೆ ಹಚ್ಚಿ ಬಿಸಿಲಿಗೆ ಹೋಗ್ಬೇಡಿ, ಸುಟ್ಟ ಹಾಗೆ ಕಲೆ ಬೀಳಬಹುದು. ಇನ್ನೊಂದು, ಅತ್ತರು ರೇಷ್ಮೆಗೆ ತಾಗಬಾರದು. ಅಮ್ಮನ ಮಾವಿನ ಚಿಗುರು ಬಣ್ಣದ ಸೀರೆ ಸೆರಗಿನ ಮೇಲೆ ನನ್ನ ಕೈಯಿಂದಲೇ ಒಂದು ಹನಿ ಖಸ್ ಬಿದ್ದು, ಡ್ರೈಕ್ಲೀನಿಂಗ್‌ಗೆ ಕೊಟ್ರೂ ಹಸಿರು ಕಲೆ ಹೋಗ್ಲೇ ಇಲ್ಲ, ಇವತ್ತಿಗೂ ಆ ಸೀರೆ ನೋಡಿದ್ರೆ ಹೊಟ್ಟೆ ಚುರ್ ಅನ್ನತ್ತೆ. ರೇಷ್ಮೆ ಉಡೋ ದಿನ ಅತ್ತರು ಹಚ್ಚಿ, ಪೂರ್ತಿ ಒಣಗಿದ ಮೇಲೆ ಸೀರೆ ಉಡಿ.

ಒಂದು ಸಣ್ಣ ನೋಟ್‌ಬುಕ್ ಇಟ್ಕೊಳ್ಳಿ, ಏನು, ಎಷ್ಟು ಹನಿ, ಎಲ್ಲಿ ಹಾಕಿದ್ದು, ಮಳೆ ಇತ್ತಾ ಸೆಕೆ ಇತ್ತಾ ಅಂತ ಬರೀರಿ. ಮಂಗಳೂರಿನ ಮೇ ತಿಂಗಳ ಸೆಕೇಲಿ ಊದ್ ಉಸಿರು ಕಟ್ಟಿಸತ್ತೆ, ಅದೇ ಬೆಂಗಳೂರಿನ ಡಿಸೆಂಬರ್ ಬೆಳಿಗ್ಗೆ ಶಾಲಿನ ಹಾಗೆ ಬೆಚ್ಚಗಿರತ್ತೆ. ನನ್ನದು ಸುಮಾರು ಎಂಟು ತಿಂಗಳು ಬರೆದ ಮೇಲೆ ಸಿಕ್ಕಿದ್ದು, ಗಂಧ ಎರಡು ಗೆರೆ, ದವನ ಕಡ್ಡಿ ತುದಿಯಷ್ಟು, ಮೇಲೆ ಗುಲಾಬಿಯ ಇಡಿಟಿ ಒಂದು ಸಲ. ಅತ್ತರು ಅತ್ತರು ಮಾತ್ರ ಬೆರೆಸಿ ಇಡೋದಾದ್ರೆ ಸಣ್ಣ ಗಾಜಿನ ಬುಡ್ಡೀಲಿ ಹನಿ ಲೆಕ್ಕದಲ್ಲಿ ಹಾಕಿ, ಬೀರುವಿನ ಕತ್ತಲಲ್ಲಿ ಎರಡು ವಾರ ಬಿಟ್ಟು ಆಮೇಲೆ ಮೂಸಿ, ಮೊದಲ ದಿನ ಬೇರೆ ಬೇರೆ ನಿಂತಿದ್ದ ವಾಸನೆಗಳು ಅಷ್ಟೊತ್ತಿಗೆ ಕೂಡ್ಕೊಂಡಿರ್ತವೆ. ಬಾತ್‌ರೂಮಲ್ಲಿ ಮಾತ್ರ ಇಡ್ಬೇಡಿ, ಅಲ್ಲಿನ ಬಿಸಿ, ತೇವಕ್ಕೆ ಬೇಗ ಕೆಡತ್ತೆ.