ಒಂದೇ ಫೋನ್, ಮೂವತ್ತೆಂಟು ಮಕ್ಕಳು: ಪಾಠದ ನಡುವೆಯೇ ಕಲಿಕೆಯನ್ನು ಅಳೆಯುವ ಬಗೆ

"ಅರ್ಥ ಆಯ್ತಾ?" ಎಂದು ಕೇಳಿದರೆ ಇಡೀ ತರಗತಿ "ಆಯ್ತು ಸಾರ್" ಎನ್ನುತ್ತದೆ. ಮುಂದಿನ ಬೆಂಚಿನ ನಾಲ್ಕೈದು ಮಕ್ಕಳು ಕೈ ಎತ್ತಿ ಸರಿ ಉತ್ತರ ಕೊಡುತ್ತಾರೆ, ಪಾಠ ಮುಂದಕ್ಕೆ ಹೋಗುತ್ತದೆ. ಉಳಿದವರ ತಲೆಯಲ್ಲಿ ಏನಿದೆ ಎಂಬುದು ತಿಳಿಯುವುದು ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ಪತ್ರಿಕೆ ತಿದ್ದುವ ಹೊತ್ತಿಗೆ. ಅಷ್ಟರಲ್ಲಿ ಎರಡು ಪಾಠ ದಾಟಿರುತ್ತದೆ. ಪ್ರತಿ ಮಗುವಿನ ಉತ್ತರವನ್ನು ಆ ಪಿರಿಯಡ್‌ನಲ್ಲೇ ನೋಡಿ, ಆ ಪಿರಿಯಡ್‌ನಲ್ಲೇ ಪಾಠವನ್ನು ತಿರುಗಿಸುವುದು ಸಾಧ್ಯ. ಅದಕ್ಕೆ ಬೇಕಿರುವುದು ಶಿಕ್ಷಕರ ಕೈಯಲ್ಲಿ ಒಂದು ಸ್ಮಾರ್ಟ್‌ಫೋನ್, ಮಕ್ಕಳ ಕೈಯಲ್ಲಿ ಒಂದೊಂದು ಕಾಗದದ ಕಾರ್ಡ್, ಮತ್ತು ಚೆನ್ನಾಗಿ ಯೋಚಿಸಿ ಬರೆದ ಒಂದೆರಡು ಪ್ರಶ್ನೆ. ಇವುಗಳಲ್ಲಿ ಹೆಚ್ಚು ಕಷ್ಟದ್ದು ಮೂರನೆಯದು. ಹೆಚ್ಚಿನ ಕಡೆ ಕೆಟ್ಟುಹೋಗುವುದೂ ಅದೇ.

ಇಲ್ಲಿ ಹೇಳುತ್ತಿರುವುದು ಪ್ಲಿಕರ್ಸ್ ಎಂಬ ಆ್ಯಪ್‌ನ ಬಳಕೆ. ಪ್ರತಿ ಕಾರ್ಡಿನ ಮೇಲೆ ಕಪ್ಪು ಚೌಕಗಳ ಬೇರೆ ಬೇರೆ ವಿನ್ಯಾಸ ಇರುತ್ತದೆ, ನಾಲ್ಕು ಬದಿಗಳಲ್ಲಿ ಎ, ಬಿ, ಸಿ, ಡಿ ಎಂಬ ಸಣ್ಣ ಇಂಗ್ಲಿಷ್ ಅಕ್ಷರಗಳಿರುತ್ತವೆ. ಮಗು ತಾನು ಆರಿಸಿದ ಅಕ್ಷರ ಮೇಲ್ಭಾಗಕ್ಕೆ ಬರುವಂತೆ ಕಾರ್ಡನ್ನು ತಿರುಗಿಸಿ ಹಿಡಿಯುತ್ತದೆ. ಫೋನಿನ ಕ್ಯಾಮೆರಾ ಇದು ಯಾರ ಕಾರ್ಡ್, ಯಾವ ಬದಿ ಮೇಲಿದೆ ಎಂಬುದನ್ನು ಓದಿಕೊಳ್ಳುತ್ತದೆ. ಒಬ್ಬರ ವಿನ್ಯಾಸ ಇನ್ನೊಬ್ಬರಿಗಿಲ್ಲ, ಅಕ್ಷರಗಳು ದೂರಕ್ಕೆ ಕಾಣುವಷ್ಟು ದೊಡ್ಡವೂ ಅಲ್ಲ. ಹಾಗಾಗಿ ಪಕ್ಕದವರ ಕಾರ್ಡ್ ನೋಡಿ ನಕಲು ಮಾಡುವುದು ಕೈ ಎತ್ತುವ ಪದ್ಧತಿಯಲ್ಲಿದ್ದಷ್ಟು ಸುಲಭವಿಲ್ಲ.

ಕಾರ್ಡ್ ಸಿದ್ಧ ಮಾಡುವುದು

ಕಾರ್ಡ್‌ಗಳ ಪಿಡಿಎಫ್ ಪ್ಲಿಕರ್ಸ್ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಸಾಮಾನ್ಯ ಸೆಟ್‌ನಲ್ಲಿ 40 ಕಾರ್ಡ್‌ಗಳಿವೆ, ದೊಡ್ಡ ತರಗತಿಗೆ 63ರ ಸೆಟ್ ಇದೆ. ಒಂದು ಎ4 ಹಾಳೆಗೆ ಎರಡು ಕಾರ್ಡ್, ಅಂದರೆ 40 ಕಾರ್ಡಿಗೆ 20 ಹಾಳೆ. ಲೇಸರ್ ಪ್ರಿಂಟರ್‌ನಲ್ಲಿ ಮುದ್ರಿಸಿ. ಟೋನರ್ ಮುಗಿಯುತ್ತಾ ಬಂದ ಯಂತ್ರದಲ್ಲಿ ಕಪ್ಪು ಬೂದಿಬಣ್ಣವಾದರೆ ಕ್ಯಾಮೆರಾ ತಡವರಿಸುತ್ತದೆ. ತೆಳು ಕಾಗದವಾದರೆ ಹಳೆಯ ನೋಟ್‌ಬುಕ್ಕಿನ ರಟ್ಟಿಗೆ ಅಂಟಿಸಿ. ಕತ್ತರಿಸುವಾಗ ಕಪ್ಪಿನ ಸುತ್ತಲಿನ ಬಿಳಿ ಅಂಚನ್ನು ಉಳಿಸಿಕೊಳ್ಳಿ, ಮಗು ಹಿಡಿದುಕೊಳ್ಳಬೇಕಾದದ್ದು ಆ ಅಂಚನ್ನೇ. ಬಾಳಿಕೆ ಬರಲಿ ಎಂದು ಹೊಳೆಯುವ ಲ್ಯಾಮಿನೇಷನ್ ಮಾಡಿಸುವವರು ಬಹಳ. ಕಿಟಕಿಯ ಬೆಳಕು ಅದರ ಮೇಲೆ ಬಿದ್ದು ಹೊಳೆದರೆ ಅರ್ಧ ಕಾರ್ಡ್‌ಗಳು ಓದಿಕೊಳ್ಳುವುದಿಲ್ಲ. ಮಾಡಿಸುವುದಾದರೆ ಹೊಳಪಿಲ್ಲದ ಮ್ಯಾಟ್ ಹಾಳೆಯನ್ನೇ ಕೇಳಿ.

ಕಾರ್ಡಿನ ಸಂಖ್ಯೆ ಹಾಜರಿ ಪುಸ್ತಕದ ಕ್ರಮಸಂಖ್ಯೆಯೇ ಆಗಿರಲಿ. ಆ್ಯಪ್‌ನಲ್ಲಿ ತರಗತಿ ತೆರೆಯುವಾಗ ಮಕ್ಕಳ ಪೂರ್ತಿ ಹೆಸರು, ಊರು ಏನನ್ನೂ ತುಂಬಬೇಕಿಲ್ಲ. ಕ್ರಮಸಂಖ್ಯೆ ಅಥವಾ ಮೊದಲ ಹೆಸರು ಸಾಕು. ಮಕ್ಕಳ ವಿವರವನ್ನು ಹೊರಗಿನ ಸರ್ವರ್‌ಗೆ ಬೇಕಾದುದಕ್ಕಿಂತ ಹೆಚ್ಚು ಕೊಡದಿರುವುದು ಶಿಕ್ಷಕರ ಜವಾಬ್ದಾರಿ.

ಪ್ರಶ್ನೆಯನ್ನು ಕನ್ನಡದಲ್ಲಿ ಟೈಪ್ ಮಾಡುವವರಿಗೆ ಒಂದು ಎಚ್ಚರಿಕೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಟ್ಟ ಪ್ರಶ್ನೆಪತ್ರಿಕೆಯಿಂದ ನಕಲಿಸಿ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳು ಕಾಣುತ್ತವೆ. ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಇಲ್ಲವೇ ಫೋನಿನ ಕನ್ನಡ ಕೀಲಿಮಣೆಯಲ್ಲೇ ಬರೆಯಿರಿ. ಪ್ರೊಜೆಕ್ಟರ್ ಇಲ್ಲದ ಶಾಲೆಯಲ್ಲಿ ಇದೂ ಬೇಡ. ಆ್ಯಪ್‌ನಲ್ಲಿ "ದಶಮಾಂಶ 1" ಎಂದಷ್ಟೇ ಹೆಸರಿಟ್ಟು ಸರಿ ಉತ್ತರದ ಅಕ್ಷರವನ್ನು ಗುರುತಿಸಿಡಿ, ಪೂರ್ತಿ ಪ್ರಶ್ನೆಯನ್ನು ಕರಿಹಲಗೆಯ ಮೇಲೆ ಬರೆಯಿರಿ.

ಪ್ರಶ್ನೆ ಬರೆಯುವುದು

ಸರಿ ಉತ್ತರ ಕೊಟ್ಟವರೆಷ್ಟು ಎಂದು ಎಣಿಸಲು ಇಷ್ಟೆಲ್ಲ ಮಾಡಬೇಕಿಲ್ಲ. ತಪ್ಪು ಆಯ್ಕೆಯೊಂದನ್ನು ಮಗು ಆರಿಸಿದರೆ ಅದು ಯಾವ ತಪ್ಪು ಯೋಚನೆಯಿಂದ ಅಲ್ಲಿಗೆ ಬಂತು ಎಂಬುದು ಆ ಅಕ್ಷರದಿಂದಲೇ ತಿಳಿಯಬೇಕು. ಆರನೇ, ಏಳನೇ ತರಗತಿಯ ದಶಮಾಂಶವನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಕೇಳುವ ಪ್ರಶ್ನೆ ಹೀಗಿರುತ್ತದೆ: 0.5, 0.36, 0.125 ಇವುಗಳಲ್ಲಿ ದೊಡ್ಡದು ಯಾವುದು? ಉತ್ತರ 0.5. ಆದರೆ "ಬಿಂದುವಿನ ನಂತರ ಅಂಕಿ ಕಡಿಮೆ ಇದ್ದಷ್ಟೂ ಸಂಖ್ಯೆ ದೊಡ್ಡದು" ಎಂದು ತಪ್ಪಾಗಿ ನಂಬಿದ ಮಗುವೂ 0.5 ಎಂದೇ ಹೇಳುತ್ತದೆ! ತಪ್ಪು ಕಾರಣಕ್ಕೆ ಸರಿ ಉತ್ತರ ಬಂತು, ಶಿಕ್ಷಕರಿಗೆ ಅದು ಕಾಣಲೇ ಇಲ್ಲ.

ಇದನ್ನೇ ಹೀಗೆ ಬದಲಿಸಿ:

ಇವುಗಳಲ್ಲಿ ಅತ್ಯಂತ ದೊಡ್ಡ ಸಂಖ್ಯೆ ಯಾವುದು?
ಎ) 0.4  ಬಿ) 0.62  ಸಿ) 0.385  ಡಿ) 0.09

ಸರಿ ಉತ್ತರ ಬಿ. ಸಿ ಆರಿಸಿದ ಮಗು ಬಿಂದುವನ್ನು ಮರೆತು 385ನ್ನು ಪೂರ್ಣಸಂಖ್ಯೆಯಂತೆ ಓದುತ್ತಿದೆ. ಎ ಆರಿಸಿದ ಮಗುವಿಗೆ ಹತ್ತನೇ ಒಂದು ಭಾಗ ನೂರನೇ ಒಂದು ಭಾಗಕ್ಕಿಂತ ದೊಡ್ಡದು ಎಂಬುದು ಗೊತ್ತಿದೆ, ಅಂಥ ಭಾಗಗಳು ಎಷ್ಟಿವೆ ಎಂಬುದನ್ನು ಅದು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಡಿ ಆರಿಸಿದ ಮಗು ಬಿಂದುವಿನ ನಂತರದ ಸೊನ್ನೆಗೆ ಬೆಲೆಯಿಲ್ಲವೆಂದು 0.09ನ್ನು 0.9 ಎಂದೇ ಓದಿದೆ. ಮೂರು ತಪ್ಪಿಗೂ ಮದ್ದು ಬೇರೆ ಬೇರೆ.

ಭಿನ್ನರಾಶಿಗೂ ಇದೇ ದಾರಿ. 1/2 + 1/3 ಎಷ್ಟು ಎಂಬುದಕ್ಕೆ 5/6ರ ಜೊತೆ 2/5, 2/6, 1/6 ಕೊಡಿ. 2/5 ಎಂದವರು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿದ್ದಾರೆ. 2/6 ಎಂದವರು ಛೇದವನ್ನು ಸಮ ಮಾಡಿ ಅಂಶವನ್ನು ಬದಲಿಸುವುದು ಮರೆತಿದ್ದಾರೆ. 1/6 ಎಂದವರು ಗುಣಿಸಿದ್ದಾರೆ.

ವಿಜ್ಞಾನದಲ್ಲಿ ತಣ್ಣೀರಿನ ಲೋಟದ ಪ್ರಶ್ನೆ ಬಹಳ ಒಳ್ಳೆಯದು. ಐಸ್ ಹಾಕಿದ ಗಾಜಿನ ಲೋಟದ ಹೊರಮೈ ಮೇಲೆ ಕೂತ ನೀರಹನಿ ಎಲ್ಲಿಂದ ಬಂತು? ಒಳಗಿನ ನೀರು ಗಾಜಿನ ಮೂಲಕ ಜಿನುಗಿತು, ತಂಪು ಹೊರಬಂದು ನೀರಾಯಿತು, ಗಾಳಿಯಲ್ಲಿದ್ದ ನೀರಾವಿ ತಣಿದು ಹನಿಯಾಯಿತು, ಗಾಳಿಯ ಆಮ್ಲಜನಕ ಮತ್ತು ಜಲಜನಕ ಸೇರಿ ನೀರಾಯಿತು. ನಾಲ್ಕನ್ನೂ ಮಕ್ಕಳು ನಿಜವಾಗಿ ನಂಬುತ್ತಾರೆ. ಜಿನುಗಿತು ಎಂದವರಿಗಾಗಿ ನೀರಿಗೆ ಒಂದು ಚಿಟಿಕೆ ಕುಂಕುಮ ಅಥವಾ ಶಾಯಿ ಬೆರೆಸಿ ಅದೇ ಪ್ರಯೋಗ ಮಾಡಿ, ಹೊರಗಿನ ಹನಿಯನ್ನು ಬಿಳಿ ಬಟ್ಟೆಯಿಂದ ಒರೆಸಿ ತೋರಿಸಿ.

ಇಂಥ ತಪ್ಪು ಆಯ್ಕೆಗಳನ್ನು ಕೂತು ಕಲ್ಪಿಸಿಕೊಳ್ಳಬೇಡಿ, ಮಕ್ಕಳ ನೋಟ್‌ಬುಕ್ಕಿನಿಂದಲೇ ಎತ್ತಿಕೊಳ್ಳಿ. ಮೊದಲು ಆಯ್ಕೆಗಳಿಲ್ಲದೆ ಪ್ರಶ್ನೆ ಕೊಟ್ಟು, ಬಂದ ತಪ್ಪುಗಳನ್ನು ಎಣಿಸಿ, ಹೆಚ್ಚು ಸಲ ಬಂದ ಮೂರನ್ನು ಆಯ್ಕೆಯಾಗಿಸಿ.

ಕನ್ನಡದಲ್ಲಿ ಬಹುಆಯ್ಕೆ ಪ್ರಶ್ನೆ ಬರೆಯುವಾಗ ವಿಭಕ್ತಿ ಪ್ರತ್ಯಯವೇ ಉತ್ತರವನ್ನು ಬಿಟ್ಟುಕೊಡುವುದುಂಟು. "ಸಸ್ಯದ ಆಹಾರ ಮುಖ್ಯವಾಗಿ ______ಯಲ್ಲಿ ತಯಾರಾಗುತ್ತದೆ" ಎಂದು ಬರೆದು ಬೇರು, ಕಾಂಡ, ಎಲೆ, ಹೂವು ಎಂದು ಕೊಟ್ಟರೆ, "ಯಲ್ಲಿ" ಎಂಬುದು ಎಲೆಗೆ ಮಾತ್ರ ಹೊಂದುತ್ತದೆ. ವಿಜ್ಞಾನ ಬಾರದ ಮಗುವೂ ಕಿವಿಯಿಂದಲೇ ಸರಿ ಉತ್ತರ ಆರಿಸುತ್ತದೆ. ಆಯ್ಕೆಗಳಲ್ಲೇ ಪ್ರತ್ಯಯ ಸೇರಿಸಿ: ಬೇರಿನಲ್ಲಿ, ಕಾಂಡದಲ್ಲಿ, ಎಲೆಯಲ್ಲಿ, ಹೂವಿನಲ್ಲಿ. ಇನ್ನೊಂದು ತೊಡಕು "ಅಲ್ಲ" ಎಂಬುದರದು. ಕನ್ನಡ ವಾಕ್ಯದಲ್ಲಿ ಅದು ಕೊನೆಗೆ ಬರುವುದರಿಂದ ಅವಸರದಲ್ಲಿ ಓದುವ ಮಗು ಅದನ್ನು ನೋಡದೆಯೇ ಉತ್ತರ ಆರಿಸಿಬಿಡುತ್ತದೆ. ಆಗ ತಪ್ಪಿದ್ದು ವಿಷಯವೋ ಓದೋ ಎಂಬುದು ನಿಮಗೆ ತಿಳಿಯುವುದಿಲ್ಲ. ಸಾಧ್ಯವಾದಷ್ಟು ಅಂಥ ಪ್ರಶ್ನೆ ಬಿಡಿ. "ಮೇಲಿನ ಎಲ್ಲವೂ" ಕೂಡ ಬೇಡ. ಸರಿ ಉತ್ತರವೇ ಎಲ್ಲಕ್ಕಿಂತ ಉದ್ದವಾಗಿದ್ದರೂ ಮಕ್ಕಳು ಬೇಗ ಪತ್ತೆ ಹಚ್ಚುತ್ತಾರೆ.

ತರಗತಿಯಲ್ಲಿ ನಡೆಸುವುದು

ಒಂದು ಪಿರಿಯಡ್‌ಗೆ ಒಂದೇ ಪ್ರಶ್ನೆ, ಹೆಚ್ಚೆಂದರೆ ಎರಡು. ಪಾಠದ ಕೊನೆಗೆ ಇಡಬೇಡಿ. ಬೆಲ್ ಹೊಡೆಯುವ ಮುಂಚೆ ತಪ್ಪು ಗೊತ್ತಾಗಿ ಏನು ಪ್ರಯೋಜನ? ಮುಂದಿನ ಹೆಜ್ಜೆ ಇದರ ಮೇಲೆ ನಿಂತಿದೆ ಎನಿಸುವ ಜಾಗದಲ್ಲಿ, 40 ನಿಮಿಷದ ಪಿರಿಯಡ್‌ನಲ್ಲಿ ಸುಮಾರು ಹದಿನೈದನೇ ನಿಮಿಷಕ್ಕೆ, ಕೇಳಿ.

ಪ್ರಶ್ನೆ ಬರೆದ ಮೇಲೆ ಒಂದೂವರೆ ನಿಮಿಷ ಪೂರ್ತಿ ಮೌನ. ಪ್ರತಿಯೊಬ್ಬರೂ ಅಕ್ಷರವನ್ನೂ ಒಂದು ಸಾಲಿನ ಕಾರಣವನ್ನೂ ನೋಟ್‌ಬುಕ್ಕಿನಲ್ಲಿ ಬರೆಯಲಿ. ಕಾರಣ ಬರೆಸದಿದ್ದರೆ ಕಾರ್ಡ್ ಎತ್ತುವುದು ಬರೀ ಆಟವಾಗುತ್ತದೆ. ನಂತರ ಎಲ್ಲರೂ ಒಟ್ಟಿಗೆ ಕಾರ್ಡ್ ಎತ್ತಬೇಕು: ಎದೆಯ ಮಟ್ಟದಲ್ಲಿ, ಎರಡೂ ಕೈಯಲ್ಲಿ, ಬಿಳಿ ಅಂಚನ್ನು ಹಿಡಿದು. ನೀವು ಬೋರ್ಡಿನ ಮುಂದೆ ನಿಂತು ಫೋನನ್ನು ಎಡದಿಂದ ಬಲಕ್ಕೆ ನಿಧಾನವಾಗಿ ಹಾಯಿಸಿ. ಫೋಟೊ ಒತ್ತಬೇಕಿಲ್ಲ, ಕಾರ್ಡ್‌ಗಳು ತಾವಾಗಿ ಓದಿಕೊಳ್ಳುತ್ತವೆ, ಎಷ್ಟು ಬಂತು ಎಂಬ ಲೆಕ್ಕ ಪರದೆಯ ಮೇಲೆ ಕಾಣುತ್ತದೆ.

38ರಲ್ಲಿ 35 ಬಂದು ನಿಂತರೆ ಕಾರಣ ಹೆಚ್ಚಾಗಿ ಇವೇ: ಬೆರಳು ಕಪ್ಪು ಚೌಕದ ಮೇಲಿದೆ, ಮುಂದಿನವರ ತಲೆ ಹಿಂದಿನವರ ಕಾರ್ಡಿಗೆ ಅಡ್ಡ ಬಂದಿದೆ, ಕಾರ್ಡ್ ಹಿಂದಕ್ಕೆ ವಾಲಿದೆ. ಹಿಂದಿನ ಬೆಂಚಿನವರು ನಿಂತು ಹಿಡಿಯಲಿ, ಅಥವಾ ನೀವೇ ನಾಲ್ಕು ಹೆಜ್ಜೆ ಒಳಗೆ ಹೋಗಿ. ಬಾಗಿಲ ಬೆಳಕು ಮಕ್ಕಳ ಬೆನ್ನ ಹಿಂದಿದ್ದರೆ ಕಾರ್ಡ್‌ಗಳು ಕತ್ತಲಾಗಿ ಕಾಣುತ್ತವೆ. ಆಗ ಕೋಣೆಯ ಇನ್ನೊಂದು ಬದಿಯಿಂದ ಹಾಯಿಸಿ.

ಫಲಿತಾಂಶವನ್ನು ಆಗಲೇ ಯಾರಿಗೂ ತೋರಿಸಬೇಡಿ. ಸ್ಮಾರ್ಟ್ ಕ್ಲಾಸ್ ಪರದೆ ಇರುವಲ್ಲಿ ಹೆಸರಿನ ಪಕ್ಕ ಕೆಂಪು ಬಣ್ಣ ಕಂಡರೆ ಆ ಮಗು ಮುಂದಿನ ಸಲ ಯೋಚಿಸುವುದಿಲ್ಲ, ಪಕ್ಕದವರನ್ನು ಕೇಳುತ್ತದೆ. ಬರೀ ಕಂಬನಕ್ಷೆ ತೋರಿಸಿದರೂ ಎತ್ತರದ ಕಂಬವೇ ಸರಿ ಎಂದು ತರಗತಿ ಆ ಕಡೆ ಹೊರಳುತ್ತದೆ.

ಮುಂದೆ ಏನು ಮಾಡಬೇಕು ಎಂಬುದಕ್ಕೆ ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ತಮ್ಮ ತರಗತಿಗಳಲ್ಲಿ ಬೆಳೆಸಿದ ಪದ್ಧತಿಯ ಅಳತೆ ಶಾಲೆಗೂ ಹೊಂದುತ್ತದೆ. ಸರಿ ಉತ್ತರ ಶೇ 30ಕ್ಕಿಂತ ಕಡಿಮೆಯಾದರೆ ಮತ್ತೆ ಪಾಠ. 30ರಿಂದ 70ರ ನಡುವೆ ಇದ್ದರೆ ಮಕ್ಕಳೇ ಪರಸ್ಪರ ಚರ್ಚೆ. 70 ದಾಟಿದರೆ ಸಣ್ಣ ವಿವರಣೆ ಕೊಟ್ಟು ಮುಂದಕ್ಕೆ. 38 ಮಕ್ಕಳಲ್ಲಿ ಅದು 11ರವರೆಗೆ, 12ರಿಂದ 26, 27ರಿಂದ ಮೇಲೆ. ನಾಲ್ಕು ಆಯ್ಕೆಯಲ್ಲಿ ಕಣ್ಣುಮುಚ್ಚಿ ಆರಿಸಿದರೂ 38ರಲ್ಲಿ ಒಂಬತ್ತು ಹತ್ತು ಮಂದಿ ಸರಿಯಾಗುತ್ತಾರೆ ಎಂಬುದು ನೆನಪಿರಲಿ. ಹತ್ತು ಸರಿ ಬಂದರೆ ಹತ್ತು ಮಂದಿಗೆ ಗೊತ್ತಿದೆ ಎಂದು ಹಿಗ್ಗಬೇಡಿ.

ಚರ್ಚೆಯ ಹಂತದಲ್ಲಿ ಬೇರೆ ಬೇರೆ ಉತ್ತರ ಕೊಟ್ಟವರನ್ನು ಜೊತೆ ಮಾಡಿ ಎರಡು ಮೂರು ನಿಮಿಷ ಕೊಡಿ. "ನಿನ್ನ ಕಾರಣ ಹೇಳು, ಆಮೇಲೆ ಅವಳದ್ದು ಕೇಳು" ಎಂಬಷ್ಟೇ ಸೂಚನೆ. ನೀವು ಸಾಲುಗಳ ನಡುವೆ ಓಡಾಡುತ್ತಾ ಕೇಳಿಸಿಕೊಳ್ಳಿ, ತಿದ್ದಲು ಹೋಗಬೇಡಿ. ಅದೇ ಪ್ರಶ್ನೆಗೆ ಮತ್ತೆ ಕಾರ್ಡ್ ಎತ್ತಿಸಿ. ಸರಿ ಉತ್ತರ ಏರಿದ ಮೇಲೆ, ನಿಜಕ್ಕೂ ಅರ್ಥವಾಯಿತೋ ಇಲ್ಲ ಜಾಣರ ಮಾತಿಗೆ ಒಪ್ಪಿದರೋ ನೋಡಲು ಅದೇ ಅಚ್ಚಿನ ಎರಡನೇ ಪ್ರಶ್ನೆ ಕೇಳಿ: 0.3, 0.51, 0.274, 0.08. ಇಲ್ಲಿ ಸರಿ ಉತ್ತರದ ಅಕ್ಷರ ಬದಲಾಗಿರಲಿ. ಎರಡು ಪ್ರಶ್ನೆಯನ್ನೂ ಊಹೆಯಿಂದಲೇ ದಾಟಬಲ್ಲವರು 16ರಲ್ಲಿ ಒಬ್ಬರು.

ಮತ್ತೆ ಪಾಠ ಮಾಡಬೇಕಾಗಿ ಬಂದಾಗ ಮೊದಲು ಹೇಳಿದ್ದನ್ನೇ ಗಟ್ಟಿಯಾಗಿ ಹೇಳುವುದರಿಂದ ಏನೂ ಆಗುವುದಿಲ್ಲ. ದಶಮಾಂಶಕ್ಕೆ ಹಲವರು ರೂಪಾಯಿ ಪೈಸೆ ಹಿಡಿಯುತ್ತಾರೆ. ಅದು ಎರಡೇ ಅಂಕಿಗೆ ನಿಲ್ಲುತ್ತದೆ, ಬಿಂದುವಿನ ಎರಡೂ ಬದಿ ಎರಡು ಬೇರೆ ಪೂರ್ಣಸಂಖ್ಯೆಗಳಿವೆ ಎಂಬ ತಪ್ಪನ್ನೇ ಬಲಪಡಿಸುತ್ತದೆ. 0.385 ರೂಪಾಯಿಯನ್ನು ಯಾರೂ ನೋಡಿಲ್ಲ. ಮೀಟರ್ ಪಟ್ಟಿ ಅಥವಾ ದರ್ಜಿಯ ಟೇಪ್ ತನ್ನಿ. 0.4 ಮೀಟರ್ ಅಂದರೆ 40 ಸೆಂಟಿಮೀಟರ್, 0.62 ಅಂದರೆ 62, 0.385 ಅಂದರೆ 38 ಸೆಂಟಿಮೀಟರ್ 5 ಮಿಲಿಮೀಟರ್, 0.09 ಅಂದರೆ ಬರೀ 9. ನಾಲ್ಕು ದಾರದ ತುಂಡುಗಳನ್ನು ಮಕ್ಕಳಿಂದಲೇ ಅಳೆಸಿ ಕತ್ತರಿಸಿ ಬೋರ್ಡಿಗೆ ಪಕ್ಕಪಕ್ಕ ಅಂಟಿಸಿದರೆ ಎ, ಸಿ, ಡಿ ಮೂರೂ ಆರಿಸಿದವರಿಗೆ ತಮ್ಮ ಉತ್ತರವನ್ನು ಕಣ್ಣಾರೆ ಪರೀಕ್ಷಿಸಲು ಸಿಗುತ್ತದೆ.

ದಾಖಲೆ

ಈ ಉತ್ತರಗಳನ್ನು ಅಂಕವಾಗಿ ಎಫ್‌ಎ ಪಟ್ಟಿಗೆ ಸೇರಿಸಬೇಡಿ. ಅಂಕ ಬರುತ್ತದೆ ಎಂದು ತಿಳಿದ ದಿನವೇ ಮಕ್ಕಳು ತಮಗೆ ಗೊತ್ತಿಲ್ಲದ್ದನ್ನು ಮುಚ್ಚಿಡಲು ಶುರು ಮಾಡುತ್ತಾರೆ. ಬದಲಿಗೆ ಒಂದು ನೋಟ್‌ಬುಕ್ಕಿನಲ್ಲಿ ಕ್ರಮಸಂಖ್ಯೆ ಉದ್ದಕ್ಕೆ, ಪ್ರಶ್ನೆಗಳು ಅಡ್ಡಕ್ಕೆ ಬರುವ ಕೋಷ್ಟಕ ಹಾಕಿ, ಸರಿ ತಪ್ಪು ಗುರುತಿನ ಜಾಗದಲ್ಲಿ ಮಗು ಆರಿಸಿದ ಅಕ್ಷರವನ್ನೇ ಬರೆಯಿರಿ, ಪ್ರತಿ ಪ್ರಶ್ನೆಯ ಕೆಳಗೆ ಯಾವ ಅಕ್ಷರಕ್ಕೆ ಯಾವ ತಪ್ಪು ಎಂದು ಗುರುತು ಮಾಡಿಕೊಳ್ಳಿ. 14ನೇ ಸಂಖ್ಯೆಯ ಮಗು ಮೂರೂ ದಶಮಾಂಶ ಪ್ರಶ್ನೆಯಲ್ಲಿ ಉದ್ದದ ಸಂಖ್ಯೆಯನ್ನೇ ಆರಿಸಿದೆ ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಪರಿಹಾರ ಬೋಧನೆಗೆ ಗುಂಪು ಮಾಡುವಾಗ "ಹಿಂದುಳಿದವರು" ಎಂದು ಒಟ್ಟಿಗೆ ಕೂರಿಸದೆ, ಒಂದೇ ಬಗೆಯ ತಪ್ಪು ಇರುವವರನ್ನು ಕೂರಿಸಬಹುದು.

ಪ್ರಶ್ನೆಯನ್ನೂ ಹೀಗೇ ತಪಾಸಣೆ ಮಾಡಿ. ಯಾರೂ ಆರಿಸದ ಆಯ್ಕೆ ಇದ್ದರೆ ಅದನ್ನು ಬದಲಿಸಿ. ಉಳಿದೆಲ್ಲ ಸರಿ ಮಾಡುವ ಮಕ್ಕಳು ಒಂದೇ ತಪ್ಪು ಆಯ್ಕೆಗೆ ಗುಂಪಾಗಿ ಹೋದರೆ ಪ್ರಶ್ನೆಯ ಮಾತಿನಲ್ಲೇ ಏನೋ ಎಡವಟ್ಟಿದೆ, ಆ ಮಕ್ಕಳಲ್ಲಿ ಇಬ್ಬರನ್ನು ಕರೆದು ಹೇಗೆ ಓದಿದಿರಿ ಎಂದು ಕೇಳಿ.

ನೆಟ್‌ವರ್ಕ್ ಸಿಗದ ಊರಿನಲ್ಲಿ, ಅಥವಾ ಫೋನ್ ಚಾರ್ಜ್ ಇಲ್ಲದ ದಿನ, ಇದೇ ಪ್ರಶ್ನೆಗಳಿಗೆ ನಾಲ್ಕು ಬಣ್ಣದ ಕಾಗದದ ಚೀಟಿ ಸಾಕು. ಎ ಕೆಂಪು, ಬಿ ಹಸಿರು, ಸಿ ಹಳದಿ, ಡಿ ನೀಲಿ. ಬಣ್ಣ ದೂರಕ್ಕೂ ಕಾಣುವುದರಿಂದ ಎಲ್ಲರೂ ಕಣ್ಣು ಮುಚ್ಚಿ, ಚೀಟಿಯನ್ನು ಎದೆಗೆ ಹತ್ತಿರ ಹಿಡಿಯಲಿ. ಕೆಂಪು ಹಸಿರು ಬೇರ್ಪಡಿಸಿ ನೋಡಲಾಗದ ಮಕ್ಕಳಿರಬಹುದು, ಆದ್ದರಿಂದ ಚೀಟಿಯ ಮೇಲೆ ಅಕ್ಷರವನ್ನೂ ದಪ್ಪವಾಗಿ ಬರೆಯಿರಿ. ಬಣ್ಣವಾರು ಎಣಿಕೆಯನ್ನು ಬೋರ್ಡಿನ ಮೂಲೆಯಲ್ಲಿ ಗುರುತಿಸದೆ ನಿಮ್ಮ ಪುಸ್ತಕದಲ್ಲೇ ಬರೆದುಕೊಳ್ಳಿ. ಪ್ರತಿ ಮಗುವಿನ ಉತ್ತರವನ್ನು ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆಸಿದ ಅಕ್ಷರ ಮತ್ತು ಕಾರಣದಿಂದ ಕೋಷ್ಟಕಕ್ಕೆ ಇಳಿಸಬಹುದು.