ಹಾಜರಿಯಲ್ಲಿ ‘ಒಂಬತ್ತು’ ಅಂದಾಗ ತರಗತಿ ನಕ್ಕರೆ

‘ಒಂಬತ್ತು’ ಅನ್ನುವುದು ಹುಡುಗರನ್ನು ಹೆಣ್ಣಿಗ, ಗೇ (ಸಲಿಂಗಿ) ಎಂದು ಹಂಗಿಸುವ ಪದವೂ ಹೌದು. ಹಾಜರಿ ಕೂಗುವಾಗ ಅದು ಬಂದ ಕೂಡಲೇ ಹಿಂದಿನ ಬೆಂಚು ಕಿಸಕ್ಕನೆ ನಕ್ಕು ಒಬ್ಬ ಹುಡುಗನ ಕಡೆ ತಿರುಗಿತು ಅಂದರೆ ಕಿರುಕುಳ ಆಗಲೇ ಶುರುವಾಗಿದೆ. ಅಲ್ಲೇ ತಡೆಯಿರಿ. ‘ಈ ಕ್ಲಾಸಿನಲ್ಲಿ ಯಾರನ್ನೂ ಹಾಗೆ ಆಡಿಕೊಳ್ಳುವಂತಿಲ್ಲ’ ಎಂದರೆ ಸಾಕು, ಭಾಷಣ ಬೇಡ. ಅವನನ್ನು ಎಬ್ಬಿಸಿ ‘ಬೇಜಾರಾಯ್ತಾ?’ ಎಂದು ಎಲ್ಲರೆದುರು ವಿಚಾರಿಸಲೂಬೇಡಿ.

ಅದೇ ದಿನ ಬೇರೆ ಯಾವುದೋ ಕೆಲಸದ ನೆಪದಲ್ಲಿ ಕರೆದು ಮಾತಾಡಿಸಿ. ಏನಂದರು, ಎಲ್ಲಿ, ಯಾರು ನೋಡಿದರು, ಮೊದಲೂ ಆಗಿತ್ತಾ? ‘ನೀನು ಗೇನಾ?’ ಎಂಬ ಪ್ರಶ್ನೆ ಮಾತ್ರ ಬೇಡ. ದೂರು ಬಗೆಹರಿಸಲು ಅದರ ಉತ್ತರ ಬೇಕಿಲ್ಲ. ತಾನಾಗಿ ಹೇಳಿಕೊಂಡರೆ ಆ ಮಾತು ಸ್ಟಾಫ್ ರೂಮಿಗೆ ಹೋಗಕೂಡದು.

ಹೆಚ್ಚು ಎಡವಟ್ಟಾಗುವುದು ಮನೆಗೆ ಫೋನ್ ಮಾಡುವಾಗ. ‘ನಿಮ್ಮ ಮಗನಿಗೆ ಹುಡುಗರು ಹೊಡೆದಿದ್ದಾರೆ, ಕ್ರಮ ತಗೊಂಡಿದ್ದೀವಿ’ ಎನ್ನಿ. ಅವನಿಗೆ ಯಾರ ಮೇಲೆ ಮನಸ್ಸು ಎಂಬುದು ನೀವು ಹೇಳುವ ವಿಷಯವಲ್ಲ. ಹೇಳಿದರೆ ಶಾಲೆ ಬಿಡಿಸುವುದು, ಮಂತ್ರವಾದಿ ಹತ್ತಿರ ಒಯ್ಯುವುದು, ಹುಡುಗಿಯಾದರೆ ಗಂಡು ಹುಡುಕುವುದು, ಇವೆಲ್ಲ ಆಗಬಹುದು. ಮನೆಯವರಿಗೆ ಮೊದಲೇ ಗೊತ್ತಿದ್ದು ‘ಚಿಕಿತ್ಸೆ’ ಕೇಳಿದರೆ, ಸಲಿಂಗಿಯಾಗಿರುವುದು ಕಾಯಿಲೆಯಲ್ಲ ಎಂದು ತಿಳಿಸಿ. ‘ಬದಲಾಯಿಸುತ್ತೇನೆ’ ಎನ್ನುವ ವೈದ್ಯರದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿದೆ.

ದೂರಿನ ಪುಸ್ತಕದಲ್ಲಿ ದಿನಾಂಕ, ಜಾಗ, ಅಂದ ಮಾತು ಇದ್ದದ್ದು ಇದ್ದ ಹಾಗೇ ಬರೆಯಿರಿ. ‘ಕೆಟ್ಟ ಪದ ಬಳಸಿದ’ ಎಂದು ಬರೆದರೆ ನಾಳೆ ಯಾರಿಗೂ ಏನೂ ಅರ್ಥವಾಗದು. ಕಾಡಿದವರನ್ನು ಒಬ್ಬೊಬ್ಬರಾಗಿ ಕರೆಸಿ. ಎದುರುಬದುರು ಕೂರಿಸಿ ಕೈಕುಲುಕಿಸುವ ರಾಜಿ ಪಂಚಾಯ್ತಿ ಬೇಡ, ಗೇಟಿನಾಚೆ ಅದರ ಸೇಡು ತೀರುತ್ತದೆ. ಜಾಗ ಬದಲಿಸುವುದಾದರೆ ಕಾಡಿದವರದನ್ನು ಬದಲಿಸಿ. ‘ನೀನೂ ಸ್ವಲ್ಪ ಗಂಡಸಿನ ಥರ ನಡಿ’ ಎನ್ನುವ ಪಿ.ಟಿ. ಮೇಷ್ಟ್ರಿಗೂ ಲಿಖಿತ ಎಚ್ಚರಿಕೆ ಕೊಡಿ. ಇಂಟರ್‌ವೆಲ್‌ನಲ್ಲಿ ಶೌಚಾಲಯದ ಬಳಿ ಒಬ್ಬರ ಡ್ಯೂಟಿ ಇರಲಿ. ಇಡೀ ದಿನ ಮೂತ್ರ ತಡೆದುಕೊಂಡಿರುವ ಮಕ್ಕಳಿದ್ದಾರೆ. ವಾರ ಬಿಟ್ಟು, ತಿಂಗಳು ಬಿಟ್ಟು ಮತ್ತೆ ವಿಚಾರಿಸಿ.

ಚಡ್ಡಿ ಎಳೆಯುವುದು, ಮುಟ್ಟಬಾರದಲ್ಲಿ ಮುಟ್ಟುವುದು, ಅದರ ವಿಡಿಯೊ ಹರಿಬಿಡುವುದು ತಮಾಷೆಯಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ ಗಂಡುಮಕ್ಕಳಿಗೂ ಅನ್ವಯ. ಲೈಂಗಿಕ ಅಪರಾಧ ಗೊತ್ತಾದ ಮೇಲೆ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು, ಮುಚ್ಚಿಟ್ಟ ಮುಖ್ಯಶಿಕ್ಷಕರಿಗೂ ಶಿಕ್ಷೆಯಿದೆ. ಮಕ್ಕಳ ಸಹಾಯವಾಣಿ 1098, ಮನಸ್ಸು ಕುಸಿದಿದ್ದರೆ ಟೆಲಿ ಮಾನಸ್ 14416, ಎರಡೂ ಉಚಿತ.

ಶಾಲೆಯೇ ಕೈಚೆಲ್ಲಿದರೆ ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ), ನಂತರ ಡಿಡಿಪಿಐಗೆ (ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರು) ಬರೆದು ಸ್ವೀಕೃತಿ ಪಡೆಯಿರಿ. ಶಿರಾ, ಪಾವಗಡ, ಕೊರಟಗೆರೆಯವರು ತುಮಕೂರಿಗೆ ಅಲೆಯಬೇಡಿ, ನಿಮ್ಮ ಡಿಡಿಪಿಐ ಕಚೇರಿ ಇರುವುದು ಮಧುಗಿರಿಯಲ್ಲಿ.