ಸಿಇಟಿ, ನೀಟ್, ಜೆಇಇ: ಯಾವುದನ್ನು, ಯಾವಾಗ ಬರೆಯಬೇಕು?

"ಎಲ್ಲಾನೂ ಬರೀಲಿ ಬಿಡ್ರೀ ಸರ, ಒಂದರಾಗರ ಸೀಟು ಸಿಕ್ಕೇ ಸಿಗತೈತಿ."

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಪಿಯು ಕಾಲೇಜುಗಳ ಪಾಲಕರ ಸಭೆಗಳಲ್ಲಿ ಈ ಮಾತು ಸಾಮಾನ್ಯ. ಹತ್ತಿ, ಭತ್ತ ಮಾರಿದ ದುಡ್ಡಿನಲ್ಲಿ ಮಗಳನ್ನು ಓದಿಸುವ ಅಪ್ಪನಿಗೆ ಯಾವ ಬಾಗಿಲೂ ಮುಚ್ಚಬಾರದೆಂಬ ಆಸೆ ಇರುವುದು ಸಹಜ. ಆದರೆ ಜನವರಿಯಿಂದ ಮೇ ತಿಂಗಳೊಳಗೆ ಬೋರ್ಡ್ ಪರೀಕ್ಷೆಯ ಜೊತೆ ಇನ್ನೂ ನಾಲ್ಕೈದು ಪರೀಕ್ಷೆ ಬರೆಯುವ ಮಗು ಒಂದಕ್ಕೂ ಸರಿಯಾಗಿ ತಯಾರಾಗುವುದಿಲ್ಲ. ಪರೀಕ್ಷೆಯ ದಿನಾಂಕ ನಮ್ಮ ಕೈಯಲ್ಲಿಲ್ಲ. ಯಾವುದನ್ನು ಬರೆಯಬೇಕು ಎಂದು ಕೂತು ತೀರ್ಮಾನಿಸುವ ದಿನ ಮಾತ್ರ ನಮ್ಮ ಕೈಯಲ್ಲಿದೆ. ಅದು ಪ್ರಥಮ ಪಿಯುಸಿ ಮುಗಿದ ಬೇಸಿಗೆ ರಜೆಯಲ್ಲೇ ಆಗಬೇಕು; ಅರ್ಜಿಯ ಕೊನೆಯ ದಿನ ಸೈಬರ್ ಸೆಂಟರಿನ ಸಾಲಿನಲ್ಲಿ ನಿಂತು ಮಾಡುವ ತೀರ್ಮಾನ ಅದಲ್ಲ.

ಹೆಜ್ಜೆ 1: ಮೊದಲು ಕೋರ್ಸ್, ಆಮೇಲೆ ಪರೀಕ್ಷೆ

ಎಂಬಿಬಿಎಸ್ ಬೇಕೆಂದರೆ ನೀಟ್ ಒಂದೇ ದಾರಿ. ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜು (ಜನರ ಬಾಯಲ್ಲಿ ಇಂದಿಗೂ ವಿಮ್ಸ್), ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಮೂರಕ್ಕೂ ಅದೇ. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ಸರ್ಕಾರಿ ಕೋಟಾ ಸೀಟಿಗೆ ಸಿಇಟಿ. ಸುರತ್ಕಲ್ಲಿನ ಎನ್‌ಐಟಿಕೆ, ನಮ್ಮ ರಾಯಚೂರಿನ ಐಐಐಟಿ ಬೇಕೆಂದರೆ ಜೆಇಇ ಮೇನ್. ಧಾರವಾಡದ ಐಐಟಿ ಕಣ್ಣ ಮುಂದಿದ್ದರೆ ಮೇನ್ ದಾಟಿ ಅಡ್ವಾನ್ಸ್ಡ್ ಬರೆಯಬೇಕು. ಖಾಸಗಿ ಎಂಜಿನಿಯರಿಂಗ್ ಕಾಲೇಜುಗಳ ಇನ್ನೊಂದು ಪಾಲಿನ ಸೀಟಿಗೆ ಕಾಮೆಡ್‌-ಕೆ. ಅಲ್ಲಿ ಶುಲ್ಕ ಸಿಇಟಿ ಸೀಟಿಗಿಂತ ಬಹಳ ಹೆಚ್ಚು, ಅದನ್ನು ಕಟ್ಟಲಾಗದ ಮನೆಯವರು ಆ ಪರೀಕ್ಷೆಗೆ ಅರ್ಜಿ ಶುಲ್ಕ ಕಟ್ಟುವುದೇ ವ್ಯರ್ಥ.

ಹೆಚ್ಚಿನವರು ಮರೆಯುವುದು ಕೃಷಿಯನ್ನು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದ ಬಿಎಸ್ಸಿ ಕೃಷಿ ಸೀಟು ಸಿಇಟಿಯಿಂದಲೇ ಸಿಗುತ್ತದೆ, ಅದರಲ್ಲಿ ರೈತರ ಮಕ್ಕಳಿಗೆ ಪ್ರತ್ಯೇಕ ಕೋಟಾ ಇದೆ. ಸಿಂಧನೂರು, ಗಂಗಾವತಿ, ಸಿರುಗುಪ್ಪದಂಥ ನೀರಾವರಿ ತಾಲ್ಲೂಕುಗಳ ಎಷ್ಟೋ ಮಕ್ಕಳಿಗೆ ಹೊಂದುವ ಕೋರ್ಸ್ ಇದು. ಆದರೆ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಜೊತೆ ಜೀವವಿಜ್ಞಾನವನ್ನೂ ಬರೆಯಬೇಕು. ಹಾಗಾಗಿ ಎಸ್ಸೆಸ್ಸೆಲ್ಸಿ ಮುಗಿದು ಕಾಂಬಿನೇಷನ್ ಆರಿಸುವಾಗಲೇ ಇದು ತಲೆಯಲ್ಲಿರಬೇಕು.

ಹೆಜ್ಜೆ 2: ಪ್ರಥಮ ಪಿಯುಸಿಯನ್ನು ಹಗುರ ಮಾಡಬೇಡಿ

ಪ್ರಥಮ ಪಿಯುಸಿಯಲ್ಲೇ ಒಮ್ಮೆ ನೀಟ್ ಬರೆದು ನೋಡಲಿ ಎನ್ನುವವರಿದ್ದಾರೆ. ನಿಯಮ ಅದಕ್ಕೆ ಅವಕಾಶ ಕೊಡುವುದಿಲ್ಲ. ನೀಟ್‌ಗೂ ಜೆಇಇ ಮೇನ್‌ಗೂ 12ನೇ ತರಗತಿ ಪಾಸಾಗಿರಬೇಕು ಇಲ್ಲವೇ ಆ ವರ್ಷ ಬರೆಯುತ್ತಿರಬೇಕು. ನೀಟ್‌ಗೆ ಪ್ರವೇಶ ಪಡೆಯುವ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕೆಂಬ ಷರತ್ತೂ ಇದೆ. ಅನುಭವಕ್ಕೆಂದು ಬರೆಯಿಸಬೇಕಿದ್ದರೆ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು, ಗಡಿಯಾರ ಇಟ್ಟು ಮನೆಯಲ್ಲೇ ಬರೆಸಿ.

ಆದರೆ ಓದು ಮಾತ್ರ ಆಗಲೇ ಶುರುವಾಗಬೇಕು. ಸಿಇಟಿ, ನೀಟ್, ಜೆಇಇ ಮೂರೂ ಪ್ರಥಮ ಮತ್ತು ದ್ವಿತೀಯ ಪಿಯುಸಿ ಎರಡರ ಪಠ್ಯದ ಮೇಲೆ ನಿಂತಿವೆ. ಪ್ರಥಮ ಪಿಯುಸಿ ಅಂಕವನ್ನು ಮುಂದೆ ಯಾರೂ ಕೇಳುವುದಿಲ್ಲವೆಂದು ಆ ವರ್ಷ ಮಕ್ಕಳು ಕೈಚೆಲ್ಲುತ್ತಾರೆ, ಮರುವರ್ಷ ಎರಡು ವರ್ಷದ ಪಾಠ ಒಟ್ಟಿಗೆ ಮೈಮೇಲೆ ಬೀಳುತ್ತದೆ.

ಎಂಟನೇ ತರಗತಿಯಿಂದಲೇ ಸಾವಿರಾರು ರೂಪಾಯಿ ಕೊಟ್ಟು ಫೌಂಡೇಷನ್ ಕೋರ್ಸಿಗೆ ಸೇರಿಸುವುದು ನನ್ನ ದೃಷ್ಟಿಯಲ್ಲಿ ಅಗತ್ಯವಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿದ ಮಗುವಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ಮೇಲೆ ಸಿಗುವ ಬಿಡುವು ಅದಕ್ಕಿಂತ ಹೆಚ್ಚು ಬೆಲೆಯದು. ವೇಗೋತ್ಕರ್ಷ, ಆವರ್ತ ಕೋಷ್ಟಕ, ದ್ಯುತಿಸಂಶ್ಲೇಷಣೆ ಎಂದು ಕಲಿತದ್ದಕ್ಕೆಲ್ಲ ಇಂಗ್ಲಿಷಿನ ಹೆಸರು ಗೊತ್ತಾದರೆ ಜೂನ್ ತಿಂಗಳ ತರಗತಿಯಲ್ಲಿ ಮಗು ಕಂಗಾಲಾಗುವುದಿಲ್ಲ. ಒಂದು ಹಳೆಯ ಪಿಯುಸಿ ಪುಸ್ತಕ, ಒಂದು ನೋಟ್‌ಬುಕ್ ಸಾಕು. ಇನ್ನೊಂದು ವಿಷಯ: ನೀಟ್ ಮತ್ತು ಜೆಇಇ ಮೇನ್ ಕನ್ನಡದಲ್ಲೂ ಬರೆಯಬಹುದು. ನೀಟ್‌ನಲ್ಲಿ ಕನ್ನಡ ಆರಿಸಿದವರಿಗೆ ಇಂಗ್ಲಿಷ್ ಮತ್ತು ಕನ್ನಡ ಎರಡೂ ಇರುವ ಪ್ರಶ್ನೆಪತ್ರಿಕೆ ಸಿಗುತ್ತದೆ. ಎರಡರ ನಡುವೆ ವ್ಯತ್ಯಾಸ ಕಂಡರೆ ಇಂಗ್ಲಿಷಿನಲ್ಲಿರುವ ಪ್ರಶ್ನೆಯೇ ಅಂತಿಮ.

ಹೆಜ್ಜೆ 3: ದಸರಾ ರಜೆಯೊಳಗೆ ಕಾಗದಪತ್ರ

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳಬೇಕಾದ ಹೆಜ್ಜೆ ಇದು. ನಮ್ಮ ಭಾಗದ ಮಕ್ಕಳಿಗೆ ಸೀಟು ತಪ್ಪುವುದು ಅಂಕ ಕಡಿಮೆಯಾಗಿ ಮಾತ್ರವಲ್ಲ, ಒಂದು ಪ್ರಮಾಣಪತ್ರ ಸಕಾಲಕ್ಕೆ ಸಿಗದೆಯೂ ತಪ್ಪುತ್ತದೆ.

ಮೊದಲನೆಯದು 371-ಜೆ ಪ್ರಮಾಣಪತ್ರ. ಸಂವಿಧಾನದ ಈ ವಿಧಿಯಡಿ 2013ರಲ್ಲಿ ಬಂದ ಆದೇಶದಂತೆ ಕಲ್ಯಾಣ ಕರ್ನಾಟಕದ ಒಳಗಿನ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ಈ ಭಾಗದವರಿಗೆ ಮೀಸಲು. ಹೊರಗಿನ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇ 8. ಬೆಂಗಳೂರಿನ ಮಗುವಿಗೆ ಇಲ್ಲದ ಈ ಅವಕಾಶ ಮಾನ್ವಿಯ, ಕುಷ್ಟಗಿಯ, ಸಂಡೂರಿನ ಮಗುವಿಗೆ ಇದೆ. ಪ್ರಮಾಣಪತ್ರ ಕೊಡುವವರು ಉಪವಿಭಾಗದ ಸಹಾಯಕ ಆಯುಕ್ತರು. ರಾಯಚೂರು ಜಿಲ್ಲೆಯವರಿಗೆ ರಾಯಚೂರು ಅಥವಾ ಲಿಂಗಸುಗೂರಿನ ಎಸಿ ಕಚೇರಿ, ಉಳಿದವರಿಗೆ ಕೊಪ್ಪಳ, ಬಳ್ಳಾರಿಯವು. ಸಿಇಟಿ ಅರ್ಜಿ ಶುರುವಾದ ಮೇಲೆ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಕ್ಟೋಬರಿನಲ್ಲೇ ಅರ್ಜಿ ಕೊಡಿ.

ಎರಡನೆಯದು ಜಾತಿ-ಆದಾಯ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಸಿಗುವ ಆರ್‌ಡಿ ಸಂಖ್ಯೆಯನ್ನು ಸಿಇಟಿ ಅರ್ಜಿಯಲ್ಲಿ ತುಂಬಬೇಕು. ಇಲ್ಲೊಂದು ತೊಡಕಿದೆ. 2ಎ, 3ಬಿ ಎಂಬ ನಮ್ಮ ಪ್ರವರ್ಗಗಳು ರಾಜ್ಯದ ಸೀಟಿಗೆ ಮಾತ್ರ. ನೀಟ್‌ನ ಅಖಿಲ ಭಾರತ ಕೋಟಾ ಮತ್ತು ಜೆಇಇಗೆ ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರವೇ ಬೇಕು. ಕೇಂದ್ರದ ಪಟ್ಟಿಯೂ ರಾಜ್ಯದ ಪಟ್ಟಿಯೂ ಒಂದೇ ಅಲ್ಲ, ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿ. ಏಪ್ರಿಲ್ 1ರ ನಂತರ ಆ ಒಬಿಸಿ ಪ್ರಮಾಣಪತ್ರವನ್ನು ಹೊಸದಾಗಿ ಮಾಡಿಸಬೇಕಾಗುತ್ತದೆ.

ಮೂರನೆಯದು ವ್ಯಾಸಂಗ ಪ್ರಮಾಣಪತ್ರ. 1ರಿಂದ 10ನೇ ತರಗತಿವರೆಗೆ ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಗ್ರಾಮೀಣ ಕೋಟಾ, ಅಷ್ಟೂ ವರ್ಷ ಕನ್ನಡದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮದ ಕೋಟಾ ಇದೆ. ಓದಿದ ಪ್ರತಿ ಶಾಲೆಯ ಮುಖ್ಯ ಶಿಕ್ಷಕರ ಸಹಿ, ಆ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಮೂರು ಶಾಲೆ ಬದಲಿಸಿದ ಮಗುವಿಗೆ ಇದು ಮೂರು ಊರಿನ ಓಡಾಟ. ಗುಳೆ ಹೋಗುವ ಮನೆಯವರು ಹೊರಡುವ ಮೊದಲೇ ಇದನ್ನೆಲ್ಲ ಮುಗಿಸಿಡಿ. ಅಪ್ಪ-ಅವ್ವ ಬೆಂಗಳೂರಿನ ಕಟ್ಟಡ ಕೆಲಸದಲ್ಲಿದ್ದಾಗ ಊರಿನಲ್ಲಿ ಅಜ್ಜಿಯ ಜೊತೆಗಿರುವ ಹುಡುಗ ಕಚೇರಿಯಿಂದ ಕಚೇರಿಗೆ ಅಲೆಯುವುದು ಬಹಳ ಕಷ್ಟ.

ಹೈದರಾಬಾದ್, ಕರ್ನೂಲು, ವಿಜಯವಾಡದ ಕಾಲೇಜುಗಳಿಗೆ ಮಕ್ಕಳನ್ನು ಕಳಿಸುವವರಿಗೂ ಒಂದು ಮಾತು. ಕರ್ನಾಟಕದ ಸೀಟಿಗೆ ಸಾಮಾನ್ಯವಾಗಿ ಅನ್ವಯಿಸುವ ನಿಯಮದಂತೆ 1ರಿಂದ 12ನೇ ತರಗತಿಯೊಳಗೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರಬೇಕು, ಎಸ್ಸೆಸ್ಸೆಲ್ಸಿ ಅಥವಾ ದ್ವಿತೀಯ ಪಿಯುಸಿ ಎರಡರಲ್ಲೊಂದನ್ನು ಇಲ್ಲಿ ಪಾಸಾಗಿರಬೇಕು. ಹತ್ತನೇ ತರಗತಿ ಇಲ್ಲೇ ಮುಗಿಸಿ ಹೋದವರಿಗೆ ಚಿಂತೆಯಿಲ್ಲ. ಐದನೇ ತರಗತಿಗೇ ಗಡಿ ದಾಟಿಸಿದವರು ಈಗಲೇ ಲೆಕ್ಕ ಹಾಕಿ.

ಆಧಾರ್‌ನಲ್ಲಿ ಒಂದು ಹೆಸರು, ಅಂಕಪಟ್ಟಿಯಲ್ಲಿ ಇನ್ನೊಂದು ಹೆಸರು ಇದ್ದರೆ ಅದನ್ನೂ ಇದೇ ಹೊತ್ತಿಗೆ ಸರಿಪಡಿಸಿ.

ಹೆಜ್ಜೆ 4: ಜನವರಿಯ ಜೆಇಇ ಯಾರಿಗೆ?

ಜೆಇಇ ಮೇನ್ ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಏಪ್ರಿಲ್‌ನಲ್ಲಿ ನಡೆಯುತ್ತದೆ. ಎರಡೂ ಬರೆದವರಿಗೆ ಉತ್ತಮವಾದದ್ದೇ ಲೆಕ್ಕಕ್ಕೆ. ಕಂಪ್ಯೂಟರಿನಲ್ಲಿ 3 ಗಂಟೆ, 75 ಪ್ರಶ್ನೆ, 300 ಅಂಕ, ತಪ್ಪು ಉತ್ತರಕ್ಕೆ ಅಂಕ ಕಡಿತ. ಜನವರಿಯ ಅರ್ಜಿ ಅದಕ್ಕೂ ಮುಂಚೆ, ಹಿಂದಿನ ವರ್ಷದ ಕೊನೆಯ ತಿಂಗಳುಗಳಲ್ಲೇ ಮುಗಿದಿರುತ್ತದೆ.

ಎರಡು ವರ್ಷದಿಂದ ಜೆಇಇ ಮಟ್ಟದ ಲೆಕ್ಕ ಮಾಡುತ್ತ ಬಂದ ಮಗು ಜನವರಿಯದನ್ನು ಬಿಡಬಾರದು. ಏಪ್ರಿಲ್‌ಗೆ ಎಲ್ಲಿ ಹಿಂದಿದ್ದೇನೆ ಎಂಬುದು ಅದರಿಂದ ತಿಳಿಯುತ್ತದೆ. ಸಿಇಟಿ ಮಟ್ಟಕ್ಕೆ ಓದುತ್ತಿರುವ ಮಗುವಿಗೆ ಮಾತ್ರ ಜನವರಿ ಬೇಡವೆನ್ನುತ್ತೇನೆ. ಕಾಲೇಜಿನ ಪೂರ್ವಸಿದ್ಧತಾ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆಯ ತಯಾರಿ ಎಲ್ಲ ಆಗಲೇ ಇರುತ್ತವೆ. ಕೊಪ್ಪಳದವರಿಗಂತೂ ಗವಿಮಠದ ಜಾತ್ರೆಯೂ ಬಹುತೇಕ ಅದೇ ತಿಂಗಳು. ಎನ್‌ಐಟಿ, ಐಐಐಟಿ ಸೀಟಿಗೆ 12ನೇ ತರಗತಿಯಲ್ಲಿ ಶೇ 75 (ಪರಿಶಿಷ್ಟರಿಗೆ ಶೇ 65) ಅಂಕ ಅಥವಾ ಬೋರ್ಡಿನ ಮೇಲಿನ ಶೇ 20ರೊಳಗೆ ಸ್ಥಾನ ಬೇಕೆಂಬುದೂ ನೆನಪಿರಲಿ.

ಹೆಜ್ಜೆ 5: ಮಾರ್ಚ್ ಬೋರ್ಡ್ ಪರೀಕ್ಷೆಯ ತಿಂಗಳು

ಎಂಜಿನಿಯರಿಂಗ್ ರ‍್ಯಾಂಕ್‌ಗೆ ಸಿಇಟಿ ಅಂಕ ಅರ್ಧ, ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕ ಇನ್ನರ್ಧ. ಇದನ್ನು ಲೆಕ್ಕ ಮಾಡಿಯೇ ನೋಡಬೇಕು. ಒಬ್ಬಳು ಪಿಯುಸಿಯಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 108 ತೆಗೆದಳು ಎನ್ನಿ. ಎರಡನ್ನೂ ನೂರಕ್ಕೆ ತಂದು ಅರ್ಧಕ್ಕಿಳಿಸಿದರೆ 45 ಮತ್ತು 30, ಒಟ್ಟು 75. ಇನ್ನೊಬ್ಬ ಬೋರ್ಡ್ ಪರೀಕ್ಷೆ ಕಡೆಗಣಿಸಿ ಸಿಇಟಿಗೆ ಬಿದ್ದ. ಪಿಯುಸಿಯಲ್ಲಿ 210, ಸಿಇಟಿಯಲ್ಲಿ 126. ಅವನದು 35 ಮತ್ತು 35, ಒಟ್ಟು 70. ಸಿಇಟಿಯಲ್ಲಿ 18 ಪ್ರಶ್ನೆ ಹೆಚ್ಚು ಸರಿಮಾಡಿದವನೇ ರ‍್ಯಾಂಕ್‌ನಲ್ಲಿ ಹಿಂದೆ ಬಿದ್ದ. ಫೆಬ್ರುವರಿ, ಮಾರ್ಚ್‌ನಲ್ಲಿ ಎಂಜಿನಿಯರಿಂಗ್, ಕೃಷಿ ಬಯಸುವವರ ಮೇಜಿನ ಮೇಲೆ ಪಿಯುಸಿ ಪುಸ್ತಕವೇ ಇರಲಿ. ನೀಟ್‌ನಲ್ಲಿ ಮಾತ್ರ ಪಿಯುಸಿ ಅಂಕ ರ‍್ಯಾಂಕ್‌ಗೆ ಸೇರುವುದಿಲ್ಲ. ನಿಗದಿತ ಕನಿಷ್ಠ ಅಂಕ ಬಂದರೆ ಸಾಕು.

ದ್ವಿತೀಯ ಪಿಯುಸಿಗೆ ಈಗ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಪರೀಕ್ಷೆ-1ರಲ್ಲಿ ಒಂದು ವಿಷಯ ಕೈಕೊಟ್ಟರೆ ಪರೀಕ್ಷೆ-2ರಲ್ಲಿ ಅದೊಂದನ್ನೇ ಬರೆದು ಅಂಕ ಏರಿಸಿಕೊಳ್ಳಬಹುದು. ಆದರೆ ಅದು ಸಿಇಟಿ, ನೀಟ್ ಹತ್ತಿರವೇ ಬರುವುದರಿಂದ, ನಿಜಕ್ಕೂ ದೊಡ್ಡ ವ್ಯತ್ಯಾಸವಾಗುವ ವಿಷಯಕ್ಕೆ ಮಾತ್ರ ಕೈಹಾಕಿ.

ಹೆಜ್ಜೆ 6: ಏಪ್ರಿಲ್, ಮೇ

ಏಪ್ರಿಲ್ ಆರಂಭದಲ್ಲಿ ಜೆಇಇಯ ಎರಡನೇ ಸುತ್ತು, ಮಧ್ಯಭಾಗದಲ್ಲಿ ಸಿಇಟಿ, ಮೇ ಮೊದಲ ಭಾನುವಾರದ ಹೊತ್ತಿಗೆ ನೀಟ್, ಅದರ ಬೆನ್ನಿಗೆ ಕಾಮೆಡ್‌-ಕೆ, ಆಮೇಲೆ ಅಡ್ವಾನ್ಸ್ಡ್. ಇತ್ತೀಚಿನ ವರ್ಷಗಳ ಕ್ರಮ ಹೀಗೆ. 2025ರಲ್ಲಿ ಸಿಇಟಿ ಏಪ್ರಿಲ್ 16 ಮತ್ತು 17ಕ್ಕೆ, ನೀಟ್ ಮೇ 4ಕ್ಕೆ ನಡೆದವು. ಆಯಾ ವರ್ಷದ ಅಧಿಸೂಚನೆಯನ್ನು ಕೆಇಎ (ಸಿಇಟಿ ನಡೆಸುವ ಪ್ರಾಧಿಕಾರ) ಮತ್ತು ಎನ್‌ಟಿಎ (ನೀಟ್, ಜೆಇಇ ಮೇನ್ ನಡೆಸುವ ಸಂಸ್ಥೆ) ಜಾಲತಾಣದಲ್ಲೇ ಓದಿ, ವಾಟ್ಸ್‌ಆ್ಯಪ್‌ಗೆ ಬಂದದ್ದನ್ನು ನಂಬಬೇಡಿ.

ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ತಪ್ಪಿಗೆ ಅಂಕ ಕಡಿತವಿಲ್ಲ, ಆದ್ದರಿಂದ ಒಂದು ವೃತ್ತವನ್ನೂ ಖಾಲಿ ಬಿಡಬಾರದು. ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ, ಸರಿಯಿದ್ದರೆ 4, ತಪ್ಪಿದರೆ ಒಂದು ಕಡಿತ. ಗೊತ್ತಿಲ್ಲದ್ದನ್ನು ಊಹಿಸಿ ತಪ್ಪಿದರೆ ನಷ್ಟ. ಎರಡನ್ನೂ ಬರೆಯುವ ಮಗು ಸಿಇಟಿ ಮುಗಿದ ಮಾರನೆಯ ದಿನದಿಂದಲೇ ನೀಟ್ ರೀತಿಯ ಮಾಕ್ ಟೆಸ್ಟಿಗೆ ಬದಲಾಗಬೇಕು. ನೀಟ್ ಬರೆದವರು ರಾಜ್ಯದ ವೈದ್ಯಕೀಯ ಸೀಟಿಗಾಗಿ ಕೆಇಎಯಲ್ಲೂ ನೋಂದಾಯಿಸಿರಬೇಕು, ಇದನ್ನು ಬಿಟ್ಟವರ ಕಥೆ ಪ್ರತಿ ವರ್ಷ ಕೇಳುತ್ತೇವೆ.

ನೀಟ್ ನಡೆಯುವುದು ಮಧ್ಯಾಹ್ನ 2ರಿಂದ 5ರವರೆಗೆ, 1.30ಕ್ಕೆ ಬಾಗಿಲು ಮುಚ್ಚುತ್ತಾರೆ. ರಾಯಚೂರಿನ ಮೇ ತಿಂಗಳ ಬಿಸಿಲು ಗೊತ್ತೇ ಇದೆಯಲ್ಲ. ಕೊನೆಯ ಮೂರು ವಾರ ಮಾಕ್ ಟೆಸ್ಟನ್ನು ಅದೇ ಹೊತ್ತಿಗೆ ಬರೆಸಿ. ಊಟ ಮಾಡಿ ಮಲಗುವ ರೂಢಿಯಿದ್ದ ಮೈಗೆ ಆ ಹೊತ್ತಿನಲ್ಲಿ ಎಚ್ಚರವಿರುವುದನ್ನು ಕಲಿಸಬೇಕು. ಕೇಂದ್ರ ದೂರವಿದ್ದರೆ ಹಿಂದಿನ ದಿನವೇ ಹೋಗಿ ಉಳಿಯಿರಿ.

ಹೆಜ್ಜೆ 7: ಇನ್ನೊಂದು ವರ್ಷ ಕೂರಿಸಬೇಕೇ?

ಲಾಂಗ್ ಟರ್ಮ್ (ವರ್ಷವಿಡೀ ಓದಿ ಮತ್ತೆ ಪರೀಕ್ಷೆ ಬರೆಯುವ) ತೀರ್ಮಾನವನ್ನು ಪರೀಕ್ಷೆಗೆ ತಕ್ಕಂತೆ ಬೇರೆ ಬೇರೆಯಾಗಿ ಮಾಡಬೇಕು. ನೀಟ್‌ಗೆ ಇಷ್ಟೇ ಸಲ ಬರೆಯಬೇಕೆಂಬ ಮಿತಿಯಿಲ್ಲ, ಹಳೆಯ ಅಂಕದ ಭಾರವೂ ಇಲ್ಲ. ಸ್ವಲ್ಪದರಲ್ಲಿ ಸೀಟು ತಪ್ಪಿದ, ತಾನೇ ಮತ್ತೆ ಓದುತ್ತೇನೆನ್ನುವ ಮಗುವಿಗೆ ಒಂದು ವರ್ಷ ಕೊಡುವುದು ಸರಿ. ಜೆಇಇ ಮೇನ್ ಸತತ ಮೂರು ವರ್ಷ, ಅಡ್ವಾನ್ಸ್ಡ್ ಸತತ ಎರಡು ವರ್ಷದಲ್ಲಿ ಎರಡು ಸಲ ಮಾತ್ರ. ಸಿಇಟಿಗೆಂದು ವರ್ಷ ಕೂರುವುದನ್ನು ನಾನು ಒಪ್ಪುವುದಿಲ್ಲ. ಪಿಯುಸಿ ಅಂಕ ಹಾಗೇ ಉಳಿದರೆ ಅರ್ಧ ರ‍್ಯಾಂಕ್ ಮೊದಲೇ ನಿಶ್ಚಯವಾಗಿರುತ್ತದೆ.

ಕೋಚಿಂಗ್ ಸೆಂಟರಿಗೆ ಮುಂಗಡ ಕಟ್ಟುವ ಮೊದಲು ಹಿಂದಿನ ವರ್ಷದ ಕಟಾಫ್ ರ‍್ಯಾಂಕ್ ಪಟ್ಟಿಯನ್ನು ಕೆಇಎ ಜಾಲತಾಣದಿಂದ ಇಳಿಸಿಕೊಳ್ಳಿ. ಅದರಲ್ಲಿ ಸಾಮಾನ್ಯ ಕಾಲಂ ಬಿಟ್ಟು ಕಲ್ಯಾಣ ಕರ್ನಾಟಕದವರ ಕಟಾಫ್ ಹುಡುಕಿ, ನಿಮ್ಮ ಪ್ರವರ್ಗದ ಎದುರಿನ ರ‍್ಯಾಂಕ್ ನೋಡಿ. ಸೀಟು ಇಲ್ಲವೆಂದು ತಿಳಿದಿದ್ದ ಮಗುವಿಗೆ ಸೀಟು ಹಂಚಿಕೆಯ ಎರಡನೇ ಸುತ್ತಿನಲ್ಲಿ ಸೀಟು ಸಿಗುವ ಸಾಧ್ಯತೆ ಅಲ್ಲಿ ಕಾಣಬಹುದು. ಆ ಸುತ್ತು ಮುಗಿಯುವವರೆಗೆ ದುಡ್ಡು ನಿಮ್ಮ ಹತ್ತಿರವೇ ಇರಲಿ.